ಕಸ್ತೂರಿ ಹಾಕಿದ ಓಟು

ಆಸ್ಪತ್ರೆಯ ಚೀಲವನ್ನು ಅಹಲ್ಯಾ ಹಾಸಿಗೆಯ ಮೇಲೆ ಬೋರಲು ಹಾಕಿ ಕೊಡವಿದಳು. ಎರಡು ನೈಟಿ, ಒಂದು ಟವೆಲ್, ಬಾಚಣಿಗೆ, ಅರ್ಧ ಖಾಲಿಯಾದ ಬಿಸ್ಕತ್ತಿನ ಪೊಟ್ಟಣ, ಕನ್ನಡಕದ ಡಬ್ಬಿ ಬಿದ್ದವು. ಅವಳು ಹುಡುಕುತ್ತಿದ್ದ ಕುಂಕುಮದ ಭರಣಿ ಮಾತ್ರ ಬೀಳಲಿಲ್ಲ.

"ಸಿಕ್ತೇನೇ?" ಎಂದು ಬಾಗಿಲಲ್ಲಿ ನಿಂತು ಕೇಳಿದರು ರುಕ್ಮಿಣಿ. ತೀರಿಕೊಂಡ ಕಸ್ತೂರಿಯವರಿಗೆ ಈ ದೇಶದಲ್ಲಿ ಇದ್ದ ಒಬ್ಬಳೇ ಹಳೆಯ ಗೆಳತಿ. ಸುದ್ದಿ ಕೇಳಿ ಹಿಂದಿನ ಸಂಜೆ ಪರ್ತ್‌ನಿಂದ ವಿಮಾನ ಹತ್ತಿ ಅಡಿಲೇಡ್‌ಗೆ ಬಂದಿದ್ದರು.

"ಇಲ್ಲ ಆಂಟಿ. ಅಮ್ಮ ಎಲ್ಲಿಟ್ಟಿದಾಳೋ ಗೊತ್ತಿಲ್ಲ."

"ಹೋಗ್ಲಿ ಬಿಡು. ನನ್ನ ಪರ್ಸಲ್ಲಿ ಒಂದು ಚೂರಿದೆ, ಅದನ್ನೇ ಇಡೋಣ."

ಅಹಲ್ಯಾ ಟವೆಲ್ಲನ್ನು ಮಡಿಸಲು ಎತ್ತಿದಳು. ಅದರೊಳಗಿಂದ ಒಂದು ಲಕೋಟೆ, ಅದರ ಜೊತೆಗೆ ನಾಲ್ಕಾರು ಮಡಿಕೆಯ ದೊಡ್ಡ ಕಾಗದ ಜಾರಿ ಬಿತ್ತು. ಬಿಡಿಸಿದರೆ ಮೊಳದುದ್ದಕ್ಕೂ ಹೆಚ್ಚು. ಸಾಲು ಸಾಲಾಗಿ ಹೆಸರು, ಪ್ರತಿ ಹೆಸರಿಗೂ ಒಂದು ಚೌಕ.

"ಪೋಸ್ಟಲ್ ಓಟು! ಸೆನೆಟ್ ಪೇಪರ್ ಇದು. ಅಪ್ಪ ಪೋಸ್ಟ್ ಮಾಡಿಲ್ವಾ?" ಎಂದ ಅಹಲ್ಯಾ ಮತ್ತೆ ನೋಡಿ ಹುಬ್ಬು ಗಂಟಿಕ್ಕಿದಳು. "ಬಟ್ ಆಂಟಿ, ವಾಟ್ ಈಸ್ ದಿಸ್? ಬಾಕ್ಸಲ್ಲೆಲ್ಲಾ ಏನೋ ಡಿಸೈನ್ ಇದೆ."

ರುಕ್ಮಿಣಿ ಕನ್ನಡಕ ಹಾಕಿಕೊಂಡು ಕಾಗದ ಇಸಕೊಂಡರು. ಹಾಸಿಗೆಯ ಅಂಚಿಗೆ ಕೂತು ಚೌಕಗಳ ಮೇಲೆ ಬೆರಳಾಡಿಸಿದರು.

"ಡಿಸೈನ್ ಅಲ್ಲ ಕಣೇ. ಅಂಕೆ. ಕನ್ನಡದ ಅಂಕೆ. ಒಂದು, ಎರಡು, ಮೂರು... ಎಲ್ಲಾ ಚೌಕಕ್ಕೂ ಹಾಕಿದಾಳೆ."

ಆವತ್ತು ೧೯೮೪ರ ಡಿಸೆಂಬರ್ ಒಂದು, ಶನಿವಾರ. ಇಡೀ ದೇಶಕ್ಕೆ ಚುನಾವಣೆ. ಕಸ್ತೂರಿ ಬುಧವಾರ ಬೆಳಗ್ಗೆ ಹೋಗಿದ್ದರು, ಕ್ರೆಮಟೋರಿಯಂನಲ್ಲಿ ಸಮಯ ಸಿಕ್ಕಿದ್ದು ಶನಿವಾರ ಹನ್ನೊಂದಕ್ಕೆ. ಹಾಗಾಗಿ ಸಂತಾಪ ಹೇಳಲು ಮನೆಗೆ ಬಂದವರೆಲ್ಲ ಒಂದು ಕಣ್ಣು ವಾಚಿನ ಮೇಲಿಟ್ಟುಕೊಂಡೇ ಬಂದಿದ್ದರು. ಓಟು ಹಾಕದಿದ್ದರೆ ಇಲ್ಲಿ ದಂಡ ಹಾಕುತ್ತಾರೆ. ಒಬ್ಬ ಹೆಂಗಸನ್ನು ಅವಸರವಾಗಿ ಸುಟ್ಟು ಬಂದರೆ ಯಾರೂ ದಂಡ ಹಾಕುವುದಿಲ್ಲ.

ಹಜಾರದಿಂದ ಡಾಕ್ಟರ್ ವೇಣುಗೋಪಾಲರ ದನಿ ಕೇಳುತ್ತಿತ್ತು. ಪುರೋಹಿತರಿಲ್ಲದ ಊರಿನಲ್ಲಿ ಮದುವೆಗೂ ಮಸಣಕ್ಕೂ ಪುಸ್ತಕ ಹಿಡಿದು ಮಂತ್ರ ಓದುವ ಚರ್ಮರೋಗದ ವೈದ್ಯರು ಅವರು. "ಉಮಾಕಾಂತಣ್ಣ, ಆ ಓಟಿನ ಕತೆ ಮಾತ್ರ ಬಿಡಬೇಡಿ. ಇವತ್ತೇ ಎಲೆಕ್ಷನ್ ಬೇರೆ, ವಾಟ್ ಎ ಕೋಯಿನ್ಸಿಡೆನ್ಸ್! ಕಸ್ತೂರಿ ಅತ್ತಿಗೆ ಅಂದ್ರೆ ನಮಗೆಲ್ಲ ಅದೇ ನೆನಪಾಗೋದು."

"ಬರ್ಕೊಂಡಿದೀನಪ್ಪ," ಎಂದರು ಡಾಕ್ಟರ್ ಉಮಾಕಾಂತ. ಕಸ್ತೂರಿಯವರ ಗಂಡ. "ಭಾಷಣದ ಮೊದಲನೇ ಕಾರ್ಡೇ ಅದು."

ಅಹಲ್ಯಾಳ ಮುಖ ಬಿಗಿಯಿತು. ಆ ಕತೆ ಕೇಳಿಕೊಂಡೇ ಅವಳು ದೊಡ್ಡವಳಾಗಿದ್ದಳು. ಬ್ರಿಸ್ಬೇನ್‌ನಲ್ಲಿದ್ದಾಗ ಒಂದು ಸೆನೆಟ್ ಚುನಾವಣೆಯಲ್ಲಿ ಅಮ್ಮ ಓಟಿನ ಕಾಗದದ ತುಂಬ ಕನ್ನಡದ ಅಂಕೆ ಬರೆದರಂತೆ. ಎಣಿಸುವವರು ರಂಗೋಲಿಯೋ ಜಿಲೇಬಿಯೋ ತಿಳಿಯದೆ ತಲೆ ಕೆರೆದುಕೊಂಡರಂತೆ. ಅಸಿಂಧು ಓಟಿನ ಗುಡ್ಡೆಗೆ ಎಸೆದರಂತೆ. ಹತ್ತು ವರ್ಷದಿಂದ ಯಾರ ಮನೆಯಲ್ಲಿ ಊಟವಿದ್ದರೂ, ಇಲ್ಲಿಯವರು ಬಾರ್ಬಿ ಎನ್ನುವ ಯಾವ ಹಿತ್ತಲ ಬಾರ್ಬಿಕ್ಯೂ ಊಟಕ್ಕೆ ಹೋದರೂ ಅಪ್ಪ ಹೇಳುವ ಕತೆ ಇದೊಂದೇ. ಎಲ್ಲರೂ ಹೊಟ್ಟೆ ಹಿಡಿದು ನಗುವರು. ಅಮ್ಮ ಪಲ್ಯದ ಬಟ್ಟಲು ಹಿಡಿದು, ತುಟಿಯಲ್ಲಿ ಅಷ್ಟು ನಗು ಇಟ್ಟುಕೊಂಡು, ಮುಂದಿನ ತಟ್ಟೆಗೆ ಬಡಿಸುವರು.

"ಅಮ್ಮ ಸೋಮವಾರ ಫೋನಲ್ಲಿ ಹೇಳಿದ್ಲು," ಎಂದಳು ಅಹಲ್ಯಾ. "ನೀನು ಬ್ರಿಸ್ಬೇನಿಂದ ಬಂದಾಗ ಒಂದು ಕೆಲಸ ಇದೆ, ಅಪ್ಪನಿಗೆ ಹೇಳ್ಬೇಡ ಅಂತ. ನಾನು ಅಲ್ಲಿ ಕಾಲೇಜಿಗೆ ರಜೆ ಹಾಕಿ ಗುರುವಾರದ ಫ್ಲೈಟ್ ಬುಕ್ ಮಾಡಿದ್ದೆ. ಇದೇನಾ ಆ ಕೆಲಸ? ಪೋಸ್ಟ್ ಮಾಡೋದು? ಅದೂ ಮತ್ತೆ ಅದೇ ಮಿಸ್ಟೇಕ್ ಮಾಡಿ?"

"ಮಿಸ್ಟೇಕ್ ಅನ್ಬೇಡ," ಎಂದರು ರುಕ್ಮಿಣಿ. ದನಿ ಗಟ್ಟಿಯಾಗಿಯೇ ಬಂತು. "ಇವತ್ತು ನನ್ನ ಹತ್ರ ಆ ಮಾತು ಆಡ್ಬೇಡ. ಬಾಗಿಲು ಹಾಕಿ ಬಾ. ಹತ್ತು ವರ್ಷ ಬಾಯಿ ಮುಚ್ಕೊಂಡಿದ್ದು ಸಾಕು."

* * *

ಕಸ್ತೂರಿ ಮೈಸೂರಿನ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರ್ ಆಗಿದ್ದರು. ಕನ್ನಡ ಮಾಧ್ಯಮ, ಬೋರ್ಡಿನ ಮೇಲೆ ಕನ್ನಡದ ಅಂಕೆ. ಬೀಜಗಣಿತವನ್ನು ಅವರು ಹೇಳಿಕೊಟ್ಟರೆ ಕೊನೆಯ ಬೆಂಚಿನವರಿಗೂ ತಲೆಗೆ ಹತ್ತುತ್ತಿತ್ತು ಎಂದು ಅದೇ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದ ರುಕ್ಮಿಣಿಗೆ ಚೆನ್ನಾಗಿ ಗೊತ್ತು. ಇಬ್ಬರ ಸ್ನೇಹ ಅಲ್ಲಿಂದಲೇ.

ಒಂದು ವರ್ಷ ವಿಧಾನ ಪರಿಷತ್ತಿಗೆ ಶಿಕ್ಷಕರ ಕ್ಷೇತ್ರದಿಂದ ಚುನಾವಣೆ ಬಂತು. ಮೇಲ್ಮನೆಗೆ ಹೈಸ್ಕೂಲು ಶಿಕ್ಷಕರೇ ಒಬ್ಬರನ್ನು ಆರಿಸಿ ಕಳಿಸುವುದು. ಮುದ್ರೆ ಒತ್ತುವ ಓಟಲ್ಲ ಅದು. ಯಾರು ಮೊದಲು, ಯಾರು ಎರಡನೆಯವರು, ಯಾರು ಮೂರು ಎಂದು ಹೆಸರಿನ ಮುಂದೆ ಅಂಕೆ ಬರೆಯಬೇಕು. ಟೀಚರ್ಸ್ ರೂಮಿನಲ್ಲಿ ಯಾರಿಗೂ ತಲೆಬುಡ ತಿಳಿಯಲಿಲ್ಲ. ಕಸ್ತೂರಿ ಸೀಮೆಸುಣ್ಣ ಹಿಡಿದು ನಿಂತರು. ಮೊದಲನೆಯವನು ಸೋತರೆ ಆ ಓಟು ಎರಡನೆಯವನಿಗೆ ಹೇಗೆ ಹೋಗುತ್ತದೆ, ಅಲ್ಲಿಂದ ಮೂರನೆಯವನಿಗೆ ಹೇಗೆ ಇಳಿಯುತ್ತದೆ ಎಂದು ಅರ್ಧ ಗಂಟೆ ಬಿಡಿಸಿ ಹೇಳಿದರು. ಹೆಡ್‌ಮಿಸ್ಟ್ರೆಸ್ ಶಾರದಾ ಮೇಡಂ ಹಿಂದಿನ ಕುರ್ಚಿಯಲ್ಲಿ ಕೂತು ನೋಟ್ಸ್ ಬರೆದುಕೊಂಡರು.

ಮತಗಟ್ಟೆಯ ಅಧಿಕಾರಿ ಕಾಗದ ಕೊಡುವಾಗ ಹೇಳಿದ್ದು ಒಂದೇ ಮಾತು. "ಇಂಗ್ಲಿಷ್ ಅಂಕೇಲಾದ್ರೂ ಬರೀರಿ, ಕನ್ನಡದ ಅಂಕೇಲಾದ್ರೂ ಬರೀರಿ ಅಮ್ಮ. ಅಕ್ಷರದಲ್ಲಿ ಮಾತ್ರ ಬರೀಬೇಡಿ." ಕಸ್ತೂರಿ ಕನ್ನಡದಲ್ಲಿ ಬರೆದರು. ಅದು ಸಕ್ರಮವಾದ ಓಟು, ಅದನ್ನು ಎಣಿಸಿದರು.

ಪದವೀಧರರಿಗೂ ಮೇಲ್ಮನೆಯಲ್ಲಿ ಬೇರೆ ಕ್ಷೇತ್ರವಿತ್ತು. ಆಗಿನ್ನೂ ಕೆ.ಆರ್. ಆಸ್ಪತ್ರೆಯಲ್ಲಿ ಚಿಕ್ಕ ಡಾಕ್ಟರಾಗಿದ್ದ ಉಮಾಕಾಂತರು ಅದಕ್ಕೆ ಹೆಸರು ನೋಂದಾಯಿಸಲೇ ಇಲ್ಲ. "ಅದಕ್ಕೆಲ್ಲ ಯಾರಿಗೆ ಪುರುಸೊತ್ತು?" ಎಂದಿದ್ದರು. ಈ ಸಂಗತಿಯನ್ನು ಅವರು ಯಾವ ಬಾರ್ಬಿಯಲ್ಲೂ ಹೇಳಿದ್ದಿಲ್ಲ.

* * *

ಎಪ್ಪತ್ತರಲ್ಲಿ ಉಮಾಕಾಂತರಿಗೆ ಬ್ರಿಸ್ಬೇನ್‌ನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು. ಮರುವರ್ಷ ರುಕ್ಮಿಣಿಯ ಗಂಡ ಡಾಕ್ಟರ್ ಸತ್ಯನಾರಾಯಣರೂ ಬಂದರು. ಆ ಊರಿನ ಇಂಡೂರೂಪಿಲ್ಲಿ ಬಡಾವಣೆಯ ಒಂದೇ ಕಟ್ಟಡದಲ್ಲಿ ಮೇಲೆ ಕೆಳಗೆ ಮನೆ. ಕಸ್ತೂರಿಯವರ ಟೀಚರ್ ಸರ್ಟಿಫಿಕೇಟು ಇಲ್ಲಿ ಮೂರು ಕಾಸಿಗೂ ನಡೆಯುವುದಿಲ್ಲ ಎಂದು ಸರಕಾರದವರು ಮರ್ಯಾದೆಯಾಗಿ ಕಾಗದ ಬರೆದರು. ಹನ್ನೆರಡು ವರ್ಷ ಲೆಕ್ಕ ಕಲಿಸಿದ ಕೈ ಚಪಾತಿ ಲಟ್ಟಿಸುತ್ತ ಕೂತಿತು.

ಆದರೆ ಓಟು ಕೊಟ್ಟರು. ಆರು ತಿಂಗಳು ಇಲ್ಲಿದ್ದ ಭಾರತದವರನ್ನೂ ಬ್ರಿಟಿಷ್ ಪ್ರಜೆಗಳ ಲೆಕ್ಕಕ್ಕೆ ಸೇರಿಸಿ ಪಟ್ಟಿಗೆ ಹಾಕಿಕೊಳ್ಳುತ್ತಿದ್ದ ಕಾಲ ಅದು. "ನಮ್ಮಪ್ಪ ನಲವತ್ತೆರಡರಲ್ಲಿ ಒಂಬತ್ತು ತಿಂಗಳು ಜೈಲಲ್ಲಿದ್ರು. ಅವರ ಮಗಳು ಬ್ರಿಟಿಷ್ ಪ್ರಜೆ ಅಂತ ಸೈನ್ ಹಾಕಿ ಬಂದಿದೀನಿ," ಎಂದು ಕಸ್ತೂರಿ ಆವತ್ತು ರುಕ್ಮಿಣಿಯ ಅಡುಗೆಮನೆಯಲ್ಲಿ ಕೂತು ನಗುತ್ತ ಹೇಳಿದ್ದರು. ನಗುತ್ತಲೇ ಕಣ್ಣೊರೆಸಿಕೊಂಡಿದ್ದರು.

ಎಪ್ಪತ್ನಾಲ್ಕರ ಮೇ ತಿಂಗಳಲ್ಲಿ ಸೆನೆಟ್ ಚುನಾವಣೆ ಬಂತು. ಇದೂ ಮೇಲ್ಮನೆ, ಇಲ್ಲೂ ಅಂಕೆ ಬರೆಯುವ ಓಟು. ಆಗಿನ ನಿಯಮದಲ್ಲಿ ಪ್ರತಿ ಹೆಸರಿಗೂ ಅಂಕೆ ಹಾಕಲೇಬೇಕು, ಒಂದು ತಪ್ಪಿದರೆ ಓಟು ಕೆಟ್ಟಿತು. ಮೂರ್ನಾಲ್ಕು ದೊಡ್ಡ ಪಕ್ಷ, ಹೆಸರೇ ಕೇಳಿರದ ಸಣ್ಣ ಪಕ್ಷಗಳು, ಪಕ್ಷವಿಲ್ಲದವರು, ಎಲ್ಲ ಸೇರಿ ಮೂವತ್ತರ ಸುಮಾರು ಹೆಸರು. ಊರಿನವರೇ ಗೊಣಗುತ್ತಿದ್ದಾಗ ಕಸ್ತೂರಿಗೆ ಹಬ್ಬ ಬಂದಂತಾಗಿತ್ತು. ಬಾಗಿಲಿಗೆ ಬಂದ ಕರಪತ್ರವನ್ನೆಲ್ಲ ಕೂಡಿಟ್ಟು ಓದಿದರು. ಕೊನೆಗೆ ಪಕ್ಷವಿಲ್ಲದ ಒಬ್ಬ ಹೆಂಗಸನ್ನು ಮೊದಲನೆಯವಳಾಗಿ ಆರಿಸಿಕೊಂಡರು. ಅವಳು ಗೆಲ್ಲುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಅವಳೂ ಲೆಕ್ಕದ ಟೀಚರ್ ಆಗಿದ್ದಳು.

ಉಮಾಕಾಂತರ ಚುನಾವಣೆ ಬೇರೆಯೇ. ಆಸ್ಪತ್ರೆಯ ಹಿರಿಯ ಸರ್ಜನ್ ಒಂದು ಪಕ್ಷದ ಕಡೆಯವನು. ಸಂಜೆ ಓಟು ಎಣಿಸುವಾಗ ಪಕ್ಷದ ಪರವಾಗಿ ಮೇಜಿನ ಬಳಿ ನಿಂತು ನೋಡಲು ಜನ ಬೇಕು, ಬರುತ್ತೀಯಾ ಎಂದು ಕರೆದಿದ್ದ. ಇವರು ಹೊಸ ಟೈ ಕೊಂಡುಕೊಂಡಿದ್ದರು.

ಮತಗಟ್ಟೆಯಿದ್ದ ಶಾಲೆಯ ಗೇಟಿನಲ್ಲಿ ರುಕ್ಮಿಣಿ ಹತ್ತು ವರ್ಷದ ಅಹಲ್ಯಾಳ ಕೈ ಹಿಡಿದು ಕಾಯುತ್ತಿದ್ದರು. ಕಸ್ತೂರಿ ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಬಂದರು.

"ಏನಾಯ್ತೇ?"

"ಎಲ್ಲಾ ಕನ್ನಡದಲ್ಲೇ ಬರೆದ್ಬಿಟ್ಟೆ ಕಣೇ! ಮೈಸೂರಲ್ಲಿ ಬರೆದ ಹಾಗೇ ಕೈ ಓಡ್ತು. ಇಪ್ಪತ್ತೆಂಟಕ್ಕೆ ಬಂದಾಗ ಗೊತ್ತಾಯ್ತು."

"ಅಯ್ಯೋ, ಬೇರೆ ಪೇಪರ್ ಕೇಳ್ಬೇಕಿತ್ತು!"

"ಹಿಂದೆ ಅಷ್ಟುದ್ದ ಕ್ಯೂ ಇತ್ತು. ಕೇಳೋಣ ಅಂತ ತಿರುಗ್ದೆ, ಆಮೇಲೆ ಅನ್ನಿಸ್ತು, ಎಣಿಸೋವಾಗ ಇವರು ಅಲ್ಲೇ ಇರ್ತಾರಲ್ಲ. ಏನಿದು ಅಂತ ಯಾರಾದ್ರೂ ಕೇಳಿದ್ರೆ ಇವರು ಓದಿ ಹೇಳ್ತಾರೆ. ಒಂದಂಕೇನೂ ತಪ್ಪಿಲ್ಲ, ಎರಡು ಸಲ ನೋಡಿದೀನಿ."

ಮರುದಿನ ಭಾನುವಾರ ಬೆಳಗ್ಗೆ ಕಸ್ತೂರಿ ಕೆಳಗಿಳಿದು ಬಂದರು. ಕಾಫಿ ಕೊಟ್ಟರೆ ಕುಡಿಯಲಿಲ್ಲ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತರು.

"ಕೇಳಿದ್ರಂತೆ," ಎಂದರು.

ಎಣಿಸುವ ಅಧಿಕಾರಿ ಆ ಕಾಗದವನ್ನು ದೀಪಕ್ಕೆ ಹಿಡಿದು ನೋಡಿದ್ದ. ಕೋಳಿ ನಡೆದಾಡಿದ ಹಾಗಿದೆ ಎಂದು ಒಬ್ಬ ಅಂದಿದ್ದ. ಎಲ್ಲರೂ ನಕ್ಕಿದ್ದರು. ಅಧಿಕಾರಿ ಮಾತ್ರ ನಗದೆ, ಮೇಜಿನಾಚೆ ಸರ್ಜನ್‌ನ ಪಕ್ಕ ನಿಂತಿದ್ದ ಉಮಾಕಾಂತರ ಕಡೆ ತಿರುಗಿ ಕೇಳಿದ್ದ: "ಡಾಕ್ಟರ್, ಇದು ನಿಮ್ಮ ಕಡೆಯ ಬರಹವೇನು? ನಿಮಗೆ ಓದಲು ಬರುತ್ತದೆಯೇ?"

ಉಮಾಕಾಂತರು ಬಗ್ಗಿ ನೋಡಿದರು. ಆ ಕೈಬರಹ ಅವರಿಗೆ ಗೊತ್ತಿಲ್ಲದ್ದೇ? ಮದುವೆಗೆ ಮುಂಚೆ ಎರಡು ವರ್ಷ ಅದೇ ಕೈಯಿಂದ ಕಾಗದ ಬರೆಸಿಕೊಂಡಿದ್ದರು. ಒಂದು ಎಂಬ ಅಂಕೆ ಸರ್ಜನ್‌ನ ಪಕ್ಷದ ಯಾವ ಹೆಸರಿನ ಮುಂದೆಯೂ ಇಲ್ಲ ಎನ್ನುವುದನ್ನೂ ಕಂಡರು.

"ಗೊತ್ತಿಲ್ಲ," ಎಂದರು. "ಇಂಥ ಬರಹ ನಾನು ನೋಡಿಲ್ಲ."

ಓದಿ ಹೇಳಿದ್ದರೆ ಆ ಓಟನ್ನು ಒಪ್ಪುತ್ತಿದ್ದರೋ ಇಲ್ಲವೋ, ಅದು ಬೇರೆ ಮಾತು. ಕೇಳಿದ್ದರು. ಒಬ್ಬ ಮನುಷ್ಯ ಮರ್ಯಾದೆಯಾಗಿ ಕೇಳಿದ್ದ.

"ನಾಚಿಕೆ ಆಗಿ ಹಾಗಂದಿದ್ರೆ ಹೋಗ್ಲಿ ಅಂತಿದ್ದೆ," ಎಂದರು ಕಸ್ತೂರಿ. "ಮನೆಗೆ ಬಂದು ನಗ್ತಾ ಹೇಳಿದ್ರು ಕಣೇ. ನಿನ್ನಿಂದ ನನ್ನ ಮಾನ ಹೋಗ್ತಿತ್ತು, ಸದ್ಯ ಬಚಾವಾದೆ ಅಂತ. ನೀನು ಯಾರಿಗೂ ಹೇಳ್ಬೇಡ. ಅವರಿಗೆ ಈಗಷ್ಟೇ ನಾಲ್ಕು ಜನ ಪರಿಚಯ ಆಗಿದಾರೆ."

ರುಕ್ಮಿಣಿ ಯಾರಿಗೂ ಹೇಳಲಿಲ್ಲ. ಅಷ್ಟೇ ಆಗಿದ್ದರೆ ಕ್ಷಮಿಸಬಹುದಿತ್ತು. ಮುಂದಿನ ತಿಂಗಳೇ ಒಂದು ಊಟದ ಮನೆಯಲ್ಲಿ ಉಮಾಕಾಂತರು ಆ ಕತೆ ಶುರುಮಾಡಿದಾಗ, ತಮ್ಮನ್ನು ಕೇಳಿದ ಭಾಗವನ್ನು ಸೊಗಸಾಗಿ ಕತ್ತರಿಸಿ ಹಾಕಿ ಹೇಳಿದಾಗ, ಎಲ್ಲರ ಜೊತೆ ರುಕ್ಮಿಣಿಯೂ ನಕ್ಕಿದ್ದರು. ನಗುತ್ತ ಕಸ್ತೂರಿಯ ಕಡೆ ನೋಡಿದ್ದರು. ಕಸ್ತೂರಿ ಬಡಿಸುತ್ತಿದ್ದರು.

* * *

"ಆಮೇಲೆ ಅವಳು ಬೂತಿಗೇ ಹೋಗ್ಲಿಲ್ಲ," ಎಂದರು ರುಕ್ಮಿಣಿ. "ಆನ್ ಕಾಲ್ ಡ್ಯೂಟಿ ಅಂತ ಇಬ್ಬರಿಗೂ ಪೋಸ್ಟಲ್ ಓಟು ತರಿಸೋರು ನಿಮ್ಮಪ್ಪ. ನೀನು ಮತ್ತೆ ಕೆಡಿಸ್ತೀಯ ಅಂತ ಅವಳದ್ದನ್ನೂ ಅವರೇ ತುಂಬೋರು. ಅವಳು ಸೈನ್ ಹಾಕಿ ಅಡುಗೆಮನೆಗೆ ಹೋಗೋಳು."

ಇದು ಅಹಲ್ಯಾ ಕಣ್ಣಾರೆ ಕಂಡದ್ದು. ಅಡಿಲೇಡ್‌ಗೆ ಬಂದು ಅಪ್ಪ ಸ್ವಂತ ಕ್ಲಿನಿಕ್ ತೆರೆದ ಮೇಲೂ ಹಾಗೇ ನಡೆದಿತ್ತು. ಆ ಕ್ಲಿನಿಕ್ಕಿನಲ್ಲಿ ಆರು ವರ್ಷ ಸಂಬಳವಿಲ್ಲದೆ ಮುಂಬಾಗಿಲ ಮೇಜಿನಲ್ಲಿ ಕೂತು, ಸಾವಿರಾರು ಫೈಲುಗಳಿಗೆ ನಂಬರ್ ಹಾಕಿ ಜೋಡಿಸಿದ್ದು ಅಮ್ಮ. ಒಂದು ಫೈಲೂ ತಪ್ಪಿರಲಿಲ್ಲ. ಒಂದು ಓಟಿನ ಕಾಗದ ಮಾತ್ರ ಅಮ್ಮನಿಗೆ ಬರುವುದಿಲ್ಲ!

ಅವಳು ಕಾಗದವನ್ನು ಮತ್ತೆ ನೋಡಿದಳು. ಅಪ್ಪನಿಗೆ ತಿಳಿಯದಂತೆ ಆಸ್ಪತ್ರೆಯವರಿಂದಲೇ ತರಿಸಿಕೊಂಡದ್ದಿರಬೇಕು. ಈ ವರ್ಷ ನಿಯಮ ಬದಲಾಗಿತ್ತು. ಮೇಲಿನ ಒಂದು ಚೌಕದಲ್ಲಿ ಒಂದೇ ಒಂದು ಅಂಕೆ ಬರೆದರೆ ಸಾಕು, ಪಕ್ಷವೇ ಉಳಿದ ಕ್ರಮ ನೋಡಿಕೊಳ್ಳುತ್ತದೆ. ಅಮ್ಮ ಆ ಚೌಕಗಳನ್ನು ಮುಟ್ಟಿರಲಿಲ್ಲ. ಕೈಗೆ ಡ್ರಿಪ್ ಸೂಜಿ ಚುಚ್ಚಿಸಿಕೊಂಡು, ಕೆಳಗಿನ ಇಪ್ಪತ್ತಕ್ಕೂ ಮೀರಿದ ಚೌಕಗಳಲ್ಲಿ ಒಂದನ್ನೂ ಬಿಡದೆ ಬರೆದಿದ್ದರು. ಕೆಲವು ಗೆರೆಗಳು ನಡುಗಿದ್ದವು.

ಅಹಲ್ಯಾ ಕಾಗದವನ್ನು ಮಡಿಸಿ ಕೈಚೀಲದಲ್ಲಿಟ್ಟುಕೊಂಡು ಹಜಾರಕ್ಕೆ ಹೋದಳು. ಉಮಾಕಾಂತರು ಕನ್ನಡಿಯ ಮುಂದೆ ಟೈ ಸರಿಮಾಡಿಕೊಳ್ಳುತ್ತಿದ್ದರು.

"ಅಪ್ಪ, ಆ ಓಟಿನ ಸ್ಟೋರಿ ಇವತ್ತು ಬೇಡ. ಪ್ಲೀಸ್."

"ಯಾಕಮ್ಮ? ಎಲ್ಲರಿಗೂ ಇಷ್ಟ ಅದು. ಅವಳ ಮುಗ್ಧತೆ ತೋರಿಸುತ್ತೆ. ಅವಳೇ ನಗ್ತಿರಲಿಲ್ವಾ?"

"ಆವತ್ತು ಕೌಂಟಿಂಗಲ್ಲಿ ನಿಮ್ಮನ್ನ ಕೇಳಿದ್ರಾ? ಇದನ್ನ ಓದಕ್ಕೆ ಬರುತ್ತಾ ಅಂತ?"

ಅವರು ಕನ್ನಡಿಯೊಳಗಿಂದ ರುಕ್ಮಿಣಿಯನ್ನು ನೋಡಿದರು.

"ಯಾರು ಹೇಳಿದ್ದು? ಯಾರೂ ಕೇಳಲಿಲ್ಲ. ನನ್ನನ್ಯಾಕೆ ಕೇಳ್ತಾರೆ? ನಡಿ, ಕಾರು ಬಂತು."

ಹೆಂಡತಿಯ ಹೆಣಕ್ಕೆ ಇನ್ನೂ ಬೆಂಕಿ ಬಿದ್ದಿಲ್ಲ, ಈ ಮನುಷ್ಯ ಮತ್ತೊಮ್ಮೆ ಗೊತ್ತಿಲ್ಲ ಎಂದ! ರುಕ್ಮಿಣಿಗೆ ಮೈಯೆಲ್ಲ ಉರಿದು ಹೋಯಿತು.

* * *

ಕ್ರೆಮಟೋರಿಯಂನ ಸಭಾಂಗಣದಲ್ಲಿ ಐವತ್ತು ಜನ ಇದ್ದರು. ಕನ್ನಡದವರು ಒಂದು ಕಡೆ, ಕ್ಲಿನಿಕ್ಕಿನ ರೋಗಿಗಳು ಇನ್ನೊಂದು ಕಡೆ. ಶವಪೆಟ್ಟಿಗೆಯ ಹಿಂದೆ ನೀಲಿ ಪರದೆ; ಗುಂಡಿ ಒತ್ತಿದರೆ ಅದು ಸರಿದು ಪೆಟ್ಟಿಗೆ ಒಳಗೆ ಹೋಗುತ್ತದೆ. ಪಕ್ಕದ ಬಾಗಿಲಲ್ಲಿ ಅಲ್ಲಿಯ ಸಿಬ್ಬಂದಿಯವನೊಬ್ಬ ಕೈಕಟ್ಟಿ ನಿಂತಿದ್ದ. ಅರ್ಧ ಗಂಟೆಗೆ ಒಂದು ಸಂಸ್ಕಾರ, ಹನ್ನೊಂದೂವರೆಗೆ ಮುಂದಿನವರು ಬರುತ್ತಾರೆ.

ವೇಣುಗೋಪಾಲರು ಮಂತ್ರವನ್ನು ಬೇಗಬೇಗ ಓದಿ ಮುಗಿಸಿದರು. ಅವರ ಓಟು ಇನ್ನೂ ಆಗಿರಲಿಲ್ಲ. ರುಕ್ಮಿಣಿ ಗೆಳತಿಯ ಹಣೆಗೆ ಕುಂಕುಮವಿಟ್ಟು ಬಂದು ಮುಂದಿನ ಸಾಲಿನಲ್ಲಿ ಅಹಲ್ಯಾಳ ಪಕ್ಕ ಕೂತರು. ಉಮಾಕಾಂತರು ಮೈಕಿನ ಮೇಜಿನ ಮೇಲೆ ಕಾರ್ಡುಗಳನ್ನಿಟ್ಟುಕೊಂಡು ನಿಂತರು. ಒಂದು ಮಾತು ಇಂಗ್ಲಿಷಿನಲ್ಲಿ, ಒಂದು ಮಾತು ಕನ್ನಡದಲ್ಲಿ.

"ನನ್ನ ಕಸ್ತೂರಿ ಬಹಳ ಸಿಂಪಲ್ ಹೆಂಗಸು. ಈ ದೇಶದ ವ್ಯವಹಾರ ಅವಳಿಗೆ ಕೊನೇವರೆಗೂ ಅರ್ಥ ಆಗಲಿಲ್ಲ. ನಿಮಗೆಲ್ಲ ಆ ಸೆನೆಟ್ ಓಟಿನ ಕತೆ ಗೊತ್ತೇ ಇದೆ."

ಗೊತ್ತಿದ್ದವರು ಆಗಲೇ ಮುಗುಳ್ನಗತೊಡಗಿದರು. ಗೊತ್ತಿಲ್ಲದ ರೋಗಿಗಳಿಗೋಸ್ಕರ ಅವರು ಪೂರ್ತಿ ಹೇಳಿದರು. ಶಾಲೆ, ಕ್ಯೂ, ದಾರ ಕಟ್ಟಿದ ಪೆನ್ಸಿಲ್. ದೀಪಕ್ಕೆ ಹಿಡಿದು ನೋಡಿದ ಅಧಿಕಾರಿ. "ಅವನು ಅಂದ..." ಎಂದು ತಡೆದರು.

"ರಂಗೋಲಿ!" ಎಂದು ವೇಣುಗೋಪಾಲರು ಕೂತಲ್ಲಿಂದಲೇ ಪೂರ್ತಿ ಮಾಡಿದರು. ಸಭಾಂಗಣ ನಕ್ಕಿತು. ಮೆಲ್ಲಗೆ, ಸಾವಿನ ಮನೆಗೆ ತಕ್ಕಷ್ಟು, ಆದರೂ ನಕ್ಕಿತು.

"ಈ ಸಲ ಒಂದೇ ಒಂದು ಅಂಕೆ ಬರೆದ್ರೆ ಸಾಕು ಅಂತ ರೂಲ್ ಬಂದಿದೆ. ನಾನು ಅವಳಿಗೆ ಆಸ್ಪತ್ರೇಲಿ ಹೇಳ್ದೆ, ನಿನ್ನಂಥವರಿಗೋಸ್ಕರಾನೇ ಮಾಡಿದಾರೆ ನೋಡು ಅಂತ. ಪಾಪ, ಅದಕ್ಕೂ ಅವಳಿಗೆ..."

ಅಹಲ್ಯಾ ಎದ್ದಳು. ಹತ್ತು ಹೆಜ್ಜೆ ನಡೆದು, ಕೈಚೀಲದಿಂದ ಕಾಗದ ತೆಗೆದು, ಮಡಿಕೆ ಬಿಡಿಸಿ, ಅಪ್ಪನ ಕಾರ್ಡುಗಳ ಮೇಲೆ ಹರಡಿದಳು.

"ಇದನ್ನ ಓದಿ ಅಪ್ಪ."

"ಏನಮ್ಮ ಇದು?"

"ಅಮ್ಮನ ಓಟು. ಈ ಸಲದ್ದು. ಟವೆಲ್ಲೊಳಗೆ ಇಟ್ಟಿದ್ಲು. ನೀವು ನೋಡಬಾರದು ಅಂತ." ಮೈಕು ಅವಳ ಮಾತನ್ನೂ ಎತ್ತಿಕೊಂಡಿತು. "ನನಗೆ ಓದಕ್ಕೆ ಬರಲ್ಲ. ನೀವು ಕಲಿಸಲಿಲ್ಲ. ನಿಮಗೆ ಬರುತ್ತಾ?"

ಉಮಾಕಾಂತರ ಕತ್ತು ಕೆಂಪಾಯಿತು. "ಅಹಲ್ಯಾ, ದಿಸ್ ಈಸ್ ನಾಟ್ ದ ಟೈಮ್. ಹೋಗಿ ಕೂತ್ಕೋ."

"ಇದೇ ಟೈಮ್ ಡಾಕ್ಟ್ರೇ." ರುಕ್ಮಿಣಿ ಎದ್ದು ನಿಂತಿದ್ದರು. ಐವತ್ತು ಜನರ ನಡುವೆ ಅವರು ಎಂದೂ ಬಾಯಿ ಬಿಟ್ಟವರಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಬ್ರಿಸ್ಬೇನಲ್ಲಿ ಆ ಆಫೀಸರ್ ನಿಮ್ಮನ್ನ ಕೇಳಿದ. ಇದು ನಿಮ್ಮ ಕಡೆ ಬರಹವಾ, ಓದಕ್ಕೆ ಬರುತ್ತಾ ಅಂತ. ಗೊತ್ತಿಲ್ಲ ಅಂದ್ರಿ. ನೀವಿದೀರಿ, ಓದಿ ಹೇಳ್ತೀರಿ ಅಂತ ನಂಬ್ಕೊಂಡು ಅವಳು ಆ ಕಾಗದ ಪೆಟ್ಟಿಗೆಗೆ ಹಾಕಿ ಬಂದಿದ್ಲು. ಹೆಂಡತಿ ಕೈಬರಹ ಗೊತ್ತಿಲ್ಲ ಅಂದು ಬಂದು, ಹತ್ತು ವರ್ಷ ಅದನ್ನೇ ಕತೆ ಮಾಡಿ ಹೇಳಿದ್ರಿ. ನಾವೂ ನಕ್ವಿ. ನನಗೆ ಎಲ್ಲಾ ಗೊತ್ತಿದ್ದೂ ನಕ್ಕೆ, ನನ್ನ ಬಾಯಿಗೆ ಮಣ್ಣು ಹಾಕ. ಇಲ್ಲೇ ಮಲಗಿದಾಳೆ ಅವಳು. ಈಗಲೂ ಗೊತ್ತಿಲ್ಲ ಅಂತೀರಾ? ಅವಳೆದುರಿಗೆ ಹೇಳಿ."

ಕನ್ನಡ ತಿಳಿಯದ ರೋಗಿಗಳೂ ತಲೆ ತಗ್ಗಿಸಿ ಕೂತರು. ವೇಣುಗೋಪಾಲರು ಮಂತ್ರದ ಪುಸ್ತಕ ತೆರೆದು ಮುಚ್ಚಿದರು. ಉಮಾಕಾಂತರು ಮಗಳ ಮುಖ ನೋಡಿದರು, ಕೂತವರ ಸಾಲುಗಳನ್ನು ನೋಡಿದರು. ಹತ್ತು ವರ್ಷದಿಂದ ಅವರ ಕತೆಗೆ ನಕ್ಕವರು ಒಬ್ಬರೂ ಅವರನ್ನು ನೋಡುತ್ತಿರಲಿಲ್ಲ. ಕೊನೆಗೆ ಅವರ ಕಣ್ಣು ಕಾಗದಕ್ಕೆ ಇಳಿಯಿತು.

"ಬರುತ್ತೆ," ಎಂದರು. "ಓದಕ್ಕೆ ಬರುತ್ತೆ. ಆಗಲೂ ಬರ್ತಿತ್ತು."

"ಓದಿ ಮತ್ತೆ," ಎಂದಳು ಅಹಲ್ಯಾ. "ಎಲ್ಲಾ."

ಅವರ ಬೆರಳು ಕಾಗದದ ಬಲತುದಿಯ ಸಾಲಿನಲ್ಲಿ ಪಕ್ಷವಿಲ್ಲದವರ ಹೆಸರುಗಳ ಮೇಲೆ ನಿಂತಿತು. "ಒಂದು," ಎಂದು, ಒಬ್ಬ ಹೆಂಗಸಿನ ಹೆಸರು ಓದಿದರು. ಎರಡು ಎಡಗಡೆಯ ಸಾಲಿನಲ್ಲಿತ್ತು. ಮೂರಕ್ಕೆ ಮತ್ತೆ ನಡುವಿಗೆ ಬರಬೇಕಾಯಿತು. ಕಸ್ತೂರಿ ಯಾವ ಪಕ್ಷದ ಸಾಲನ್ನೂ ಸಲೀಸಾಗಿ ಮೇಲಿಂದ ಕೆಳಗೆ ಬರೆದುಕೊಂಡು ಹೋಗಿರಲಿಲ್ಲ. ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ತೂಗಿ ಅಂಕೆ ಕೊಟ್ಟಿದ್ದರು. ಆ ತೂಗಿದ ದಾರಿಯಲ್ಲೇ ಗಂಡನ ಬೆರಳು ಈಗ ಹೋಗಬೇಕಾಗಿತ್ತು. ನಾಲ್ಕು. ಐದು. ಆರಕ್ಕೆ ಹುಡುಕಾಡಿದರು. ಏಳು. ಹನ್ನೊಂದಕ್ಕೆ ಮತ್ತೆ ಬಲತುದಿಗೆ ಹೋದರು.

ಬಾಗಿಲಲ್ಲಿದ್ದವನು ಒಮ್ಮೆ ಗಡಿಯಾರ ನೋಡಿ ಪರದೆಯ ಗುಂಡಿಯತ್ತ ಹೋದ. ಮುಂದಿನ ಸಾಲಿನಲ್ಲಿ ಕೂತಿದ್ದ ವಯಸ್ಸಾದ ರೋಗಿಯೊಬ್ಬಳು ಅವನ ಕಡೆ ಕೈ ಎತ್ತಿದಳು. ಅವನು ಅಲ್ಲೇ ನಿಂತ.

"ಹದಿನಾರು," ಎಂದರು ಉಮಾಕಾಂತರು. ಆಮೇಲೆ ಬೆರಳು ಒಂದು ಸಾಲನ್ನು ಇಳಿಯಿತು, ಇನ್ನೊಂದನ್ನು ಹತ್ತಿತು, ಮತ್ತೆ ಮೊದಲಿಂದ ಶುರುಮಾಡಿತು. ಅವರು ತಲೆಯೆತ್ತಿದರು. ಆ ಮುಖದಲ್ಲಿ ಏನೋ ಒಂದು ನಿರಾಳ ಬಂದಿತ್ತು. ಅದನ್ನು ಕಂಡು ರುಕ್ಮಿಣಿ ಹಲ್ಲು ಕಚ್ಚಿದರು.

"ಹದಿನೇಳು ಇಲ್ಲ," ಎಂದರು. "ಬಿಟ್ಬಿಟ್ಟಿದಾಳೆ. ನೋಡಿ, ಪಾಪ, ಹದಿನೇಳು ಬಿಟ್ಟುಹೋಗಿದೆ."

"ಇದೆ," ಎಂದರು ರುಕ್ಮಿಣಿ. "ಲೆಕ್ಕದ ಟೀಚರ್ ಅವಳು. ಹುಡುಕಿ."

ಉಮಾಕಾಂತರು ಬಲಗೈಯಿಂದ ಕನ್ನಡಕ ಸರಿಮಾಡಿಕೊಂಡರು. ಬಲ ತುದಿಯಿಂದ ಪ್ರತಿ ಚೌಕಕ್ಕೂ ಬೆರಳಿಟ್ಟು ಬಂದರು. ಐವತ್ತು ಜನ ಕಾದರು. ವಾಚು ನೋಡುವವರು ಯಾರೂ ಇರಲಿಲ್ಲ. ಬೆರಳು ಕಾಗದದ ಎಡಗಡೆಯ ಕೆಳಮೂಲೆಗೆ ಬಂದು ನಿಂತಿತು. ಕಾಗದ ಹಾರದ ಹಾಗೆ ಅವರ ಎಡಗೈ ಅಲ್ಲಿ ಅದುಮಿ ಹಿಡಿದಿತ್ತು.

ಅವರು ತಮ್ಮ ಹೆಬ್ಬೆರಳನ್ನು ಎತ್ತಿದರು. ಅದರ ಕೆಳಗೆ, ಸ್ವಲ್ಪ ನಡುಗಿದ, ಆದರೂ ದುಂಡಾದ ಅಂಕೆಯಲ್ಲಿ ಅದು ಇತ್ತು.

"ಹದಿನೇಳು," ಎಂದು ಓದಿದರು.